ಊಟಕ್ಕೆ ಇಟ್ಟ ಅಡ್ಡಹೆಸರು ತಪ್ಪಾ? ಬೋರ್ಡ್ ಬರೆಯುವವನಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದಲ್ಲಿ ಹೋಟೆಲ್ ಬೋರ್ಡು, ಮೆನು ಕಾರ್ಡು ಮಾಡಿಕೊಡುವುದು ನನ್ನ ಕೆಲಸ. ಮೊದಲು ಬ್ರಶ್ಶು, ಎನಾಮಲ್ ಬಣ್ಣ, ಏಣಿ. ಈಗ ಕಂಪ್ಯೂಟರು, ವಿನೈಲು, ಎಲ್‌ಇಡಿ. ಏಣಿ ಮಾತ್ರ ಹಾಗೇ ಇದೆ. ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿಗಳು ಬಂದ ಮೇಲೆ ಒಡಿಶಾ, ಅಸ್ಸಾಂ, ಬಿಹಾರ, ಜಾರ್ಖಂಡ್ ಹುಡುಗರು ಬಂದರು. ಅವರ ಹಿಂದೆಯೇ ಮೊಮೊ ಗಾಡಿ, ರೋಟಿ ಡಾಬಾ, ಮೀನು-ಅನ್ನದ ಹೋಟೆಲ್ಲುಗಳು ಬಂದವು. ಹೊಸ ಹೋಟೆಲ್ ಎಂದರೆ ಹೊಸ ಬೋರ್ಡು. "ಈ ಪದ ಹಾಕಬಹುದಾ ಅಣ್ಣ? ಯಾರಿಗಾದ್ರೂ ಬೇಜಾರಾಗುತ್ತಾ?" ಎಂದು ಕೇಳುವವರು ಈಗ ಜಾಸ್ತಿ. ಕೇಳದೆ ಹಾಕಿಸುವವರು ಇನ್ನೂ ಜಾಸ್ತಿ. ಟೀ ಕುಡಿಯುತ್ತಾ ಅವರಿಗೆ ಕೊಟ್ಟ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ನಾನು ಭಾಷಾ ಪಂಡಿತನೂ ಅಲ್ಲ, ವಕೀಲನೂ ಅಲ್ಲ. ಅಕ್ಷರ ಬರೆದು ಹೊಟ್ಟೆ ಹೊರೆಯುವವನು.

ಊಟಕ್ಕೆ ಅಡ್ಡಹೆಸರು ಇಡೋದೇ ತಪ್ಪಾ?

ತಪ್ಪೇನಿಲ್ಲ. ಅಡ್ಡಹೆಸರಿಲ್ಲದ ಹೋಟೆಲ್ಲನ್ನು ನಾನಂತೂ ನೋಡಿಲ್ಲ. ಒಂದು ಕಾಫಿಯನ್ನು ಇಬ್ಬರು ಹಂಚಿಕೊಂಡರೆ ಬೈಟು. ಪೀಸಿಲ್ಲದ ಬಿರಿಯಾನಿ ಕುಷ್ಕಾ. ಗೋಬಿ ಮಂಚೂರಿಗೆ ಬರೀ 'ಗೋಬಿ' ಅಂದರೆ ಸಾಕು. ಇದರಿಂದ ಯಾರ ಹೊಟ್ಟೆಯೂ ಉರಿಯುವುದಿಲ್ಲ, ಖಾರ ಜಾಸ್ತಿಯಾಗದಿದ್ದರೆ.

ನಾನು ನೋಡುವುದು ಇಷ್ಟೇ: ಆ ಪದದೊಳಗೆ ಯಾರು ಕೂತಿದ್ದಾರೆ? ಊರು ಕೂತಿದ್ದರೆ ಕಣ್ಣು ಮುಚ್ಚಿ ಬರೆಯುತ್ತೇನೆ. ಉಡುಪಿ ಹೋಟೆಲ್, ಮುಳಬಾಗಿಲು ದೋಸೆ, ಬಂಗಾರಪೇಟೆ ಪಾನಿಪುರಿ, ಹೈದರಾಬಾದ್ ಬಿರಿಯಾನಿ. ಮುಖ ಕೂತಿದ್ದರೆ, ಅಂದರೆ ಒಬ್ಬರ ಕಣ್ಣು, ಮೂಗು, ಮೈಬಣ್ಣ, ಮಾತಿನ ಧಾಟಿ ಅದರೊಳಗೆ ಇದ್ದರೆ, ಬರೆಯುವುದಿಲ್ಲ. ಜಾತಿಯೋ ಧರ್ಮವೋ ಕೂತಿದ್ದರೆ ಇನ್ನೊಂದು ಟೀ ತರಿಸಿ ಮಾತಾಡುತ್ತೇನೆ. ಅಲ್ಲೇ ಗಂಟಿರುವುದು.

'ಚೈನೀಸ್' ಅನ್ನಬಹುದಾ? ನಮ್ಮೂರ ಗಾಡಿಯಲ್ಲಿ ಚೀನಾದ್ದು ಏನೂ ಇಲ್ವಲ್ಲ?

ಅನ್ನಬಹುದು. ಅದು ದೇಶದ ಹೆಸರು. ಏನೂ ಇಲ್ಲ ಅನ್ನುವುದೂ ಪೂರ್ತಿ ಸರಿಯಲ್ಲ. ಕೋಲ್ಕತ್ತಾದಲ್ಲಿ ಎರಡು ಶತಮಾನಕ್ಕೂ ಹಿಂದಿನಿಂದ ಚೀನೀ ಮೂಲದ ಕುಟುಂಬಗಳಿವೆ. ಅಲ್ಲಿನ ಟ್ಯಾಂಗ್ರಾದಲ್ಲಿ ಚರ್ಮ ಹದ ಮಾಡುತ್ತಿದ್ದವರಲ್ಲಿ ಹೆಚ್ಚಿನವರು ಹಕ್ಕಾ ಜನ. ಬಸ್ ಸ್ಟ್ಯಾಂಡ್ ಗಾಡಿಯ ಮೇಲೆ 'ಹಕ್ಕಾ ನೂಡಲ್ಸ್' ಅಂತ ಬರೆದಿರುತ್ತದಲ್ಲ, ಆ ಹಕ್ಕಾ ಇವರೇ. ನಾನು ಒಂದು ಸಲ ಅದನ್ನು 'ಅಕ್ಕಾ ನೂಡಲ್ಸ್' ಅಂತ ಪ್ರಿಂಟ್ ಮಾಡಿಕೊಟ್ಟಿದ್ದೆ. ಗಾಡಿ ನಡೆಸುತ್ತಿದ್ದವರೂ ಒಬ್ಬ ಅಕ್ಕನೇ ಆದ್ದರಿಂದ ಯಾರೂ ಕೇಳಲಿಲ್ಲ.

ಮಂಚೂರಿಯ ಕಥೆಯೂ ಕೋಲ್ಕತ್ತಾದಿಂದಲೇ ಶುರು. ಅಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಎನ್ನುವವರು 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ ಹುರಿದು, ಗರಂ ಮಸಾಲೆ ಬದಲು ಸೋಯಾ ಸಾಸ್ ಸುರಿದು ಚಿಕನ್ ಮಂಚೂರಿಯನ್ ಮಾಡಿದರು ಎನ್ನುತ್ತಾರೆ. ಆಮೇಲೆ ಕೋಳಿಯ ಜಾಗಕ್ಕೆ ಹೂಕೋಸು ಬಂತು. ಮಂಚೂರಿಯಾ ಇರುವುದು ಚೀನಾದ ಈಶಾನ್ಯ ಮೂಲೆಯಲ್ಲಿ. ಅಲ್ಲಿನ ಅಡುಗೆಗೂ ನಮ್ಮ ಗೋಬಿಗೂ ಏನೂ ಸಂಬಂಧ ಇಲ್ಲ. ಕೇಳಿದರೆ ಅವರೇ ಬೇಜಾರು ಮಾಡಿಕೊಳ್ಳಬೇಕು. ಅಂದಹಾಗೆ ಗೋಬಿಯ ಹೆಸರಿಗಿಂತ ಅದರ ಬಣ್ಣ ನೋಡಿಕೊಳ್ಳಿ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದೆ. ಆಗಲೇ ಬಾಂಬೆ ಮಿಠಾಯಿಯಲ್ಲಿ ಸಿಕ್ಕಿದ ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ. ಆ ಆದೇಶ ಬಂದ ಮೇಲೆ ನನ್ನ ಮೆನು ಕಾರ್ಡಿನ ಗೋಬಿ ಫೋಟೋಗಳ ಕೆಂಪನ್ನೂ ನಾನು ಸ್ವಲ್ಪ ಇಳಿಸಿದೆ.

ಹೆಸರು ಸರಿಯಿದ್ದರೂ ಅದನ್ನೇ ಹಿಡಿದು ಹೊಡೆಯುವವರು ಇದ್ದೇ ಇರುತ್ತಾರೆ. 1962ರ ಯುದ್ಧದ ಹೊತ್ತಿನಲ್ಲಿ ಸುಮಾರು 3000 ಚೀನೀ ಮೂಲದ ಭಾರತೀಯರನ್ನು ರಾಜಸ್ಥಾನದ ದೇವಲಿ ಶಿಬಿರದಲ್ಲಿ ಕೂಡಿಹಾಕಿದರು. 2020ರ ಜೂನ್‌ನಲ್ಲಿ ಗಲ್ವಾನ್ ಘರ್ಷಣೆಯಾದಾಗ ಕೇಂದ್ರ ಮಂತ್ರಿ ರಾಮದಾಸ್ ಆಠವಳೆ ಚೈನೀಸ್ ಊಟ ಮಾರುವ ಹೋಟೆಲ್ಲುಗಳನ್ನೇ ನಿಷೇಧಿಸಬೇಕು ಎಂದರು. ಆ ವಾರ ನಮ್ಮೂರ ಗಾಡಿಯವನೊಬ್ಬ ಓಡಿಬಂದು 'ಚೈನೀಸ್' ತೆಗೆದು 'ಫಾಸ್ಟ್ ಫುಡ್' ಮಾಡಿಸಿಕೊಂಡ. ಅವನ ಮನೆದೇವರು ಮಾಲೂರು ಕಡೆಯದು.

ಚೈನೀಸ್ ತಿಂದರೆ ತಲೆನೋವು ಬರುತ್ತದೆ ಅಂತಾರಲ್ಲ?

ಅದು 'ಟೇಸ್ಟಿಂಗ್ ಪೌಡರ್' ಮೇಲಿನ ಆರೋಪ. ಅಜಿನೊಮೊಟೊ. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಕಂಡುಹಿಡಿದದ್ದು, ಚೀನಾದ್ದಲ್ಲ. 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದಕ್ಕೆ ಬಂದ ಒಂದು ಕಾಗದದಿಂದ 'ಚೈನೀಸ್ ರೆಸ್ಟೋರೆಂಟ್ ಸಿಂಡ್ರೋಮ್' ಅನ್ನುವ ಹೆಸರು ಹುಟ್ಟಿತು. 2020ರಲ್ಲಿ ಮೆರಿಯಂ-ವೆಬ್‌ಸ್ಟರ್ ನಿಘಂಟಿನವರು ಆ ಪದದ ವಿವರಣೆ ತಿದ್ದಿದರು, ಜನಕ್ಕೆ ನೋವಾಗುವ ಪದ ಅಂತ ಸೂಚನೆ ಹಾಕಿದರು. ಮದುವೆ ಊಟದಲ್ಲಿ ನಾಲ್ಕು ಹೋಳಿಗೆ ತಿಂದು ಹೊಟ್ಟೆ ಕೆಟ್ಟರೆ ಅದಕ್ಕೆ ಯಾರೂ 'ಕನ್ನಡಿಗರ ಕಾಯಿಲೆ' ಅನ್ನುವುದಿಲ್ಲ, ಅಲ್ವಾ?

'ಚಿಂಕಿ' ಅಂದ್ರೆ ತಮಾಷೆಗೆ ತಾನೇ? ಹುಡುಗರೆಲ್ಲ "ಚಿಂಕಿ ಹತ್ರ ಹೋಗೋಣ" ಅಂತಾರೆ.

ಈಶಾನ್ಯದವರ ಮುಖ ನೋಡಿ ಆಡಿಕೊಳ್ಳುವ ಪದ ಇದು. ಇದಕ್ಕೆ ಸ್ವಲ್ಪ ಉದ್ದದ ಉತ್ತರ ಕೊಡುತ್ತೇನೆ. ಇಲ್ಲಿ ನಾನೇ ತಪ್ಪು ಮಾಡಿದ್ದೇನೆ.

ಕೆಲವು ವರ್ಷಗಳ ಹಿಂದೆ ಹೆದ್ದಾರಿ ಪಕ್ಕದ ಒಂದು ಸಣ್ಣ ಹೋಟೆಲ್ಲಿನವರು ಬೋರ್ಡು ಕೇಳಿಕೊಂಡು ಬಂದರು. ಹೆಸರಿನ ಕೆಳಗೆ 'ಚಿಂಕಿ ಸ್ಟೈಲ್ ಮೊಮೊ ಸಿಗುತ್ತದೆ' ಅಂತ ಹಾಕಿ ಅಂದರು. ಹುಡುಗರಿಗೆ ಹಿಡಿಸುತ್ತದೆ ಅಂದರು. ನಾನು ಅಕ್ಷರ ಎಷ್ಟು ದಪ್ಪ ಇರಬೇಕು ಅಂತ ಮಾತ್ರ ಕೇಳಿದೆ. ಹಳದಿ ಮೇಲೆ ಕೆಂಪು. ಚೆನ್ನಾಗಿ ಬಂದಿತ್ತು.

ಮೂರು ತಿಂಗಳ ನಂತರ ಒಬ್ಬ ಹುಡುಗ ನನ್ನ ಅಂಗಡಿಗೆ ಬಂದ. ಮಣಿಪುರದವನು. ಆ ಹೋಟೆಲ್ಲಿನಲ್ಲಿ ಮೊಮೊ ಮಾಡುತ್ತಿದ್ದವನೇ ಅವನು. ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ದಿನಾ ಸಂಜೆ ಅದೇ ಬೋರ್ಡಿನ ಕೆಳಗೆ ನಿಂತು ಹಬೆಪಾತ್ರೆ ಇಳಿಸುತ್ತಿದ್ದ. ಕೆಲವರು ಬೋರ್ಡು ಓದಿ ಅವನ ಮುಖ ನೋಡಿ ನಗುತ್ತಿದ್ದರಂತೆ. ಒಂದು ರಾತ್ರಿ ಅವನು ಬೋರ್ಡಿನ ಮುಂದೆ ಫೋನ್ ಹಿಡಿದಿದ್ದಾನೆ. ಈಗಿನ ಫೋನುಗಳು ಅಕ್ಷರ ನೋಡಿ ಓದಿ ಹೇಳುತ್ತವಲ್ಲ. ಫೋನು ಆ ಪದವನ್ನು ಗಟ್ಟಿಯಾಗಿ ಓದಿ ಹೇಳಿತು. ಬೋರ್ಡಿನ ಮೂಲೆಯಲ್ಲಿ ನನ್ನ ಅಂಗಡಿಯ ನಂಬರೂ ಇತ್ತು.

ಅವನು ಜಗಳ ಮಾಡಲಿಲ್ಲ. ಹಿಂದಿಯಲ್ಲಿ ಕೇಳಿದ್ದು ಒಂದೇ ಮಾತು: ಇದನ್ನು ತೆಗೆಯಲು ಎಷ್ಟಾಗುತ್ತದೆ? ದುಡ್ಡು ಕೈಯಲ್ಲೇ ಹಿಡಿದುಕೊಂಡು ಬಂದಿದ್ದ. ನಾನು ಅವತ್ತೇ ಏಣಿ ಹತ್ತಿದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಅದನ್ನು ದೊಡ್ಡ ಗುಣ ಅಂತ ಹೇಳಿಕೊಳ್ಳುತ್ತಿಲ್ಲ. ತೆಗೆದುಕೊಳ್ಳಲು ಕೈ ಬರಲಿಲ್ಲ, ಅಷ್ಟೇ.

ಆಮೇಲೆ ಈ ಪದದ ಹಿಂದೆ ಬಿದ್ದೆ. ಬ್ರಿಟನ್ನಿನಲ್ಲಿ ಮೀನು-ಆಲೂಗಡ್ಡೆ ಚಿಪ್ಸ್ ಮಾರುವ ಅಂಗಡಿಗೆ 'ಚಿಪ್ಪಿ' ಅನ್ನುತ್ತಾರೆ. ಚೀನೀ ಊಟದ ಅಂಗಡಿಗೆ 'ಚಿಂಕಿ' ಅನ್ನುವ ರೂಢಿಯೂ ಇತ್ತು. ಕೇಳಲು ಅಕ್ಕತಂಗಿಯರ ಥರ ಇವೆ. ಆದರೆ ಒಂದರಲ್ಲಿ ಇರುವುದು ಆಲೂಗಡ್ಡೆ, ಇನ್ನೊಂದರಲ್ಲಿ ಇರುವುದು ಮನುಷ್ಯನ ಮುಖ. 2014ರ ಡಿಸೆಂಬರಿನಲ್ಲಿ ಅಲ್ಲಿನ ಒಂದು ಪಕ್ಷದ ಅಭ್ಯರ್ಥಿ ಈ ಪದ ಬಳಸಿ ಸಿಕ್ಕಿಬಿದ್ದ. ಪಕ್ಷದ ನಾಯಕ ನೈಜೆಲ್ ಫರಾಜ್ ರೇಡಿಯೋದಲ್ಲಿ ಕೂತು, ಗೆಳೆಯರ ಜೊತೆ ಚೈನೀಸ್ ಊಟಕ್ಕೆ ಹೊರಟಾಗ ಜನ ಇನ್ನೇನು ಅನ್ನುತ್ತಾರೆ ಅನ್ನುವ ಧಾಟಿಯಲ್ಲಿ ಅವನ ಪರ ಮಾತಾಡಿದರು. ನಮ್ಮ ಹುಡುಗರು ಹೇಳುವುದೂ ಅದನ್ನೇ. ಊಟಕ್ಕೆ ಅಂದಿದ್ದು, ಜನಕ್ಕಲ್ಲ ಅಂತ. ಬೋರ್ಡಿನ ಕೆಳಗೆ ನಿಂತವನಿಗೆ ಆ ವ್ಯತ್ಯಾಸ ಹೇಗೆ ಗೊತ್ತಾಗಬೇಕು?

ನಮ್ಮಲ್ಲಿ ಈ ಪದಕ್ಕೆ ಇನ್ನೂ ಭಾರ ಇದೆ. 2012ರ ಆಗಸ್ಟ್‌ನಲ್ಲಿ ಹಲ್ಲೆ ಆಗುತ್ತದೆ ಎಂಬ ಗಾಳಿಸುದ್ದಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿ ಹೋದರು. 2014ರ ಜನವರಿಯಲ್ಲಿ ದೆಹಲಿಯಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ಹಲ್ಲೆಯಾಗಿ ಸತ್ತ. ಅವನ ಕೂದಲಿನ ಬಗ್ಗೆ ಆಡಿಕೊಂಡದ್ದರಿಂದ ಆ ಜಗಳ ಶುರುವಾಗಿತ್ತು. ಆಮೇಲೆ ಬೇರೆ ಊರುಗಳಲ್ಲಿರುವ ಈಶಾನ್ಯದವರ ಕಷ್ಟ ನೋಡಲು ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿ ಮಾಡಿತು. ಇಷ್ಟೆಲ್ಲ ಆದ ಮೇಲೂ ತಮಾಷೆ ಅನ್ನುವವರಿಗೆ ನನ್ನ ಹತ್ತಿರ ಬೇರೆ ಉತ್ತರ ಇಲ್ಲ. ಬೇರೆ ಅಂಗಡಿ ನೋಡಿಕೊಳ್ಳಿ ಅನ್ನುತ್ತೇನೆ.

ಮೊಮೊನ ಚೈನೀಸ್ ಪಟ್ಟಿಯಲ್ಲಿ ಹಾಕಬಹುದಾ?

ಬೇಡ. ಅದು ಟಿಬೆಟ್, ನೇಪಾಳದ ಕಡೆಯದು. 1960ರ ದಶಕದ ಶುರುವಿನಿಂದ ನಮ್ಮ ಬೈಲಕುಪ್ಪೆಯಲ್ಲಿ ಟಿಬೆಟಿನವರು ಇದ್ದಾರೆ. ಅವರ ಮುಂದೆ ಮೊಮೊಗೆ ಚೈನೀಸ್ ಅಂದು ನೋಡಿ.

ಪಾನಿಪುರಿ ಮಾರುವವರನ್ನು 'ಭಯ್ಯಾ' ಅನ್ನಬಾರದಾ? ಭಯ್ಯಾ ಅಂದ್ರೆ ಅಣ್ಣ ತಾನೇ?

ಅಣ್ಣನೇ. ಪದದಲ್ಲಿ ಏನೂ ದೋಷ ಇಲ್ಲ. "ಭಯ್ಯಾ, ಇನ್ನೊಂದು ಪ್ಲೇಟ್ ಕೊಡಿ" ಅಂದರೆ ಅಣ್ಣ. "ಆ ಭಯ್ಯಾಗಳು ಊರೆಲ್ಲಾ ತುಂಬಿಕೊಂಡವ್ರೆ" ಅಂದರೆ ಅಣ್ಣ ಅಲ್ಲ. ಮುಂಬೈನಲ್ಲಿ ಈ ಪದ ಉತ್ತರದಿಂದ ಬಂದ ಕೂಲಿಯವರಿಗೆ ಬೈಗುಳವೇ ಆಗಿಹೋಗಿದೆ. ಬೋರ್ಡಿನಲ್ಲಿ 'ಭಯ್ಯಾ ಪಾನಿಪುರಿ' ಅಂತ ಅವರೇ ಹಾಕಿಸಿಕೊಂಡರೆ ನಾನು ಬರೆಯುತ್ತೇನೆ. ಆದರೆ ಬಂಗಾರಪೇಟೆ ಪಕ್ಕದಲ್ಲೇ ಇಟ್ಟುಕೊಂಡು ಪಾನಿಪುರಿಗೆ ಬೇರೆ ಹೆಸರು ಯಾಕೆ? ಬಣ್ಣವಿಲ್ಲದ ಆ ತಿಳಿ ಪಾನಿ ಕುಡಿಯಲು ಬೆಂಗಳೂರಿನವರೇ ಗಾಡಿ ಮಾಡಿಕೊಂಡು ಬರುತ್ತಾರೆ.

'ಸಾಬ್ರ ಬಿರಿಯಾನಿ' ಅಂದ್ರೆ ಮುಸ್ಲಿಮರಿಗೆ ಬೇಜಾರಾಗುತ್ತಾ?

ನಾನು ಕೇಳಿ ನೋಡಿದ್ದೇನೆ. ಇಲ್ಲಿ ಕ್ಲಾಕ್ ಟವರ್ ಕಡೆಯ ನನ್ನ ಹಳೇ ಗಿರಾಕಿಯೊಬ್ಬರು ಹೇಳಿದರು: "ಸಾಬ್ರು ಅನ್ನಿ, ಸಾಬಣ್ಣ ಅನ್ನಿ, ಕೇಳಿಸಿಕೊಳ್ತೀನಿ. ಸಾಬಿ ಅಂದ್ರೆ ತಿರುಗಿ ನೋಡಲ್ಲ." ಸಾಹೇಬ್ ಅನ್ನುವುದು ಮರ್ಯಾದೆಯ ಪದ. ಅದು ನಮ್ಮ ಬಾಯಲ್ಲಿ ಸಾಬ್ರು ಆಯಿತು. ಕೊನೆಯ 'ರು' ಕಿತ್ತು ಒಂದು 'ಇ' ಹಚ್ಚಿದರೆ ಮರ್ಯಾದೆ ಹೋಯಿತು. ಕನ್ನಡದಲ್ಲಿ ಬೈಗುಳಕ್ಕೆ ಹೊಸ ಪದ ಬೇಕಾಗಿಲ್ಲ. ಬಾಲ ಕತ್ತರಿಸಿದರೆ ಸಾಕು. ಹೋಟೆಲ್ಲಿನಲ್ಲಿ "ಬನ್ನಿ, ಏನ್ ತಗೋತೀರಾ" ಅನ್ನುವುದಕ್ಕೂ "ಏನ್ ಬೇಕಲೇ" ಅನ್ನುವುದಕ್ಕೂ ಇರುವ ದೂರ ಅಷ್ಟೇ. ಇನ್ನು ಬೋರ್ಡಿನ ಮಾತು. ಮಾಲೀಕರೇ ಮುಸ್ಲಿಮರಾದರೆ ಅವರು ಹೇಳಿದ್ದು ಬರೆಯುತ್ತೇನೆ. ಬೇರೆಯವರು ಬಂದು 'ಸಾಬ್ರ ಮನೆ ಬಿರಿಯಾನಿ' ಹಾಕಿ ಅಂದರೆ, "ಒಳಗೆ ಸಾಬ್ರು ಇದ್ದಾರಾ?" ಅಂತ ಕೇಳುತ್ತೇನೆ. ಹೆಚ್ಚು ಸಲ ಇರುವುದಿಲ್ಲ.

ಜಾತಿ ಹೆಸರು ಹಾಕಬಹುದಾ? ಅಯ್ಯಂಗಾರ್ ಬೇಕರಿ ಎಲ್ಲಾ ಕಡೆ ಇದೆಯಲ್ಲ?

ಇದೆ. ಹಾಸನ ಜಿಲ್ಲೆ ಕಡೆಯ ಅಯ್ಯಂಗಾರರು ಬೆಂಗಳೂರಿನಲ್ಲಿ ಶುರು ಮಾಡಿದ ವ್ಯಾಪಾರ ಅದು. ಈಗ ಆ ಹೆಸರು ಎಂದರೆ ಖಾರಾ ಬನ್ನು, ಹನಿ ಕೇಕು ಅಂತ ಅರ್ಥ. ಒಳಗೆ ಇರುವವರು ಯಾರು ಅಂತ ಯಾರೂ ನೋಡುವುದಿಲ್ಲ. ಗೌಡ್ರ ಮುದ್ದೆ ಊಟ, ರೆಡ್ಡಿ ಮೆಸ್ಸು, ನಾಯ್ಡು ಹೋಟೆಲ್ಲು, ಶೆಟ್ರ ಅಂಗಡಿ, ಬ್ರಾಹ್ಮಣರ ಕಾಫಿ ಕ್ಲಬ್ಬು, ಎಲ್ಲ ಬರೆದಿದ್ದೇನೆ. ಯಾರೂ ಬೇಜಾರು ಮಾಡಿಕೊಂಡದ್ದು ಕಾಣೆ.

ಆದರೆ ಇಷ್ಟು ವರ್ಷದಲ್ಲಿ ಬರೆಯದೇ ಇರುವ ಹೆಸರುಗಳನ್ನೂ ಲೆಕ್ಕ ಹಾಕಿದ್ದೇನೆ. 2011ರ ಜನಗಣತಿ ಪ್ರಕಾರ ನಮ್ಮ ಜಿಲ್ಲೆಯಲ್ಲಿ ಶೇಕಡಾ 30ರಷ್ಟು ಜನ ಪರಿಶಿಷ್ಟ ಜಾತಿಯವರು. ರಾಜ್ಯದಲ್ಲಿ ಇಷ್ಟು ಪ್ರಮಾಣ ಬೇರೆಲ್ಲೂ ಇಲ್ಲ. ಇವರ ಜಾತಿ ಹೆಸರು ಇರುವ ಒಂದು ಹೋಟೆಲ್ ಬೋರ್ಡನ್ನೂ ನಾನು ಮಾಡಿಲ್ಲ. ಕೇಳಿಕೊಂಡು ಬಂದವರೂ ಇಲ್ಲ. ಆ ಹೆಸರುಗಳು ಊರಿನಲ್ಲಿ ಕೇಳಿಸುವುದು ಬೈಗುಳದ ಜೊತೆಗೆ. ಪರಿಚಯದ ಒಬ್ಬ ದಲಿತ ಗೆಳೆಯ ಹೋಟೆಲ್ ಹಾಕಿದಾಗ ಬೋರ್ಡಿಗೆ ತಾಯಿಯ ಹೆಸರು ಇಟ್ಟ. "ಅಮ್ಮನ ಹೆಸರು ನೋಡಿ ಜನ ಒಳಗೆ ಬರ್ತಾರೆ. ಇನ್ನೊಂದು ಹೆಸರು ಹಾಕಿದ್ರೆ ಸಾರು ಚೆಲ್ಲಬೇಕಾಗುತ್ತೆ" ಅಂದ. ಹಾಗಾಗಿ ಜಾತಿ ಹೆಸರು ಹಾಕಬಹುದಾ ಅನ್ನುವುದಕ್ಕೆ ಉತ್ತರ ಜಾತಿ ಮೇಲೇ ನಿಂತಿದೆ. ಇದು ನನಗೆ ಇಷ್ಟದ ಉತ್ತರ ಅಲ್ಲ.

ಇನ್ನೊಂದು ವಿಷಯ. ಕೆಲವು ಊಟಕ್ಕೆ ಪಿಸುಮಾತಿನ ಹೆಸರಿದೆ. ದನದ ಮಾಂಸಕ್ಕೆ 'ದೊಡ್ಡ ಮಾಂಸ', ಉರ್ದುವಿನವರ ಬಾಯಲ್ಲಿ 'ಬಡೇ ಕಾ'. ಅದು ಯಾರನ್ನೋ ಬೈಯಲು ಇಟ್ಟದ್ದಲ್ಲ. ಬೈಸಿಕೊಳ್ಳುವುದನ್ನು ತಪ್ಪಿಸಿಕೊಳ್ಳಲು ಇಟ್ಟದ್ದು.

'ಪುಳ್ಚಾರ್' ಅನ್ನೋದು ಬೈಗುಳವಾ?

ಮಾಂಸ ತಿನ್ನದವರಿಗೆ, ಅದರಲ್ಲೂ ಬ್ರಾಹ್ಮಣರಿಗೆ ಹಾಸ್ಟೆಲ್ ಹು‍ಡುಗರು ಇಟ್ಟ ಹೆಸರು. ಹುಳಿ, ಸಾರು ತಿನ್ನುವವರು ಅಂತ. ಚುಚ್ಚುಮಾತು ಹೌದು. ಬೋರ್ಡಿನಲ್ಲಿ ಹಾಕುವುದಿಲ್ಲ. ಗೆಳೆಯರು ಗೆಳೆಯರಲ್ಲಿ ಅಂದುಕೊಂಡರೆ ಮಧ್ಯೆ ನಾನು ಹೋಗುವುದಿಲ್ಲ.

ಆದರೆ ನನ್ನ ಅಂಗಡಿಯಲ್ಲೇ ಇನ್ನೊಂದು ಸಣ್ಣ ಬೋರ್ಡು ತಿಂಗಳಿಗೆ ನಾಲ್ಕಾದರೂ ಹೋಗುತ್ತದೆ: 'ಮನೆ ಬಾಡಿಗೆಗೆ ಇದೆ. ಸಸ್ಯಾಹಾರಿಗಳಿಗೆ ಮಾತ್ರ.' ಅದರಲ್ಲಿ ಒಂದೂ ಕೆಟ್ಟ ಪದ ಇಲ್ಲ. ಒತ್ತು, ದೀರ್ಘ ಎಲ್ಲ ಸರಿ. ಪುಳ್ಚಾರ್ ಅನ್ನಿಸಿಕೊಂಡವನಿಗೆ ಸಂಜೆ ತಲೆ ಬಿಸಿಯಾಗಬಹುದು, ಮನೆ ಮಾತ್ರ ಸಿಗುತ್ತದೆ. ಈ ಬೋರ್ಡು ಓದಿದವನು ಬಾಗಿಲು ತಟ್ಟದೆ ವಾಪಸ್ ಹೋಗುತ್ತಾನೆ. ಅದನ್ನೂ ನಾನೇ ಮಾಡಿಕೊಡುತ್ತೇನೆ. ಇದುವರೆಗೆ ಬೇಡ ಅಂದಿಲ್ಲ.

ನಮ್ಮ ಊಟಕ್ಕೂ ಹೀಗೆ ಅಂದಿದ್ದಾರಾ?

ಮುದ್ದೆಗಿಂತ ಜಾಸ್ತಿ ಮಾತು ತಿಂದ ಊಟ ಇದೆಯಾ? "ಮುದ್ದೆ ತಿನ್ನೋ ಬುದ್ಧಿ" ಅಂದರೆ ಮಂದಬುದ್ಧಿ. ಜೈಲಿಗೆ ಹೋದವನು "ಮುದ್ದೆ ಮುರೀತಾ ಇದ್ದಾನೆ". ಕೆಜಿಎಫ್‌ನ ತಮಿಳರೂ ಅದನ್ನೇ 'ಕಳಿ ತಿನ್ನೋದು' ಅನ್ನುತ್ತಾರೆ. ಗಡಿ ಆಚೆ ತೆಲುಗಿನವರ 'ಸಂಗಟಿ'. ಮೂರು ಭಾಷೆ, ಒಂದೇ ಮುದ್ದೆ.

ಈ ಜಗಳ ಹಳೆಯದು. 16ನೇ ಶತಮಾನದಲ್ಲೇ ಕನಕದಾಸರು ರಾಮಧಾನ್ಯ ಚರಿತ್ರೆಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿದ್ದಾರೆ. ಅಕ್ಕಿ ರಾಗಿಯನ್ನು ಕೀಳು ಜನರ ಊಟ ಅಂತ ಹೀಯಾಳಿಸುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅಕ್ಕಿ ಕೆಡುತ್ತದೆ, ರಾಗಿ ಉಳಿಯುತ್ತದೆ. ಅದರಲ್ಲಿ ಅಕ್ಕಿ ಆಡುವ ಮಾತು ಧಾನ್ಯಕ್ಕೆ ಅಂದದ್ದೋ, ಅದನ್ನು ತಿನ್ನುವ ಜನಕ್ಕೆ ಅಂದದ್ದೋ? ಕನಕದಾಸರಿಗೆ ಗೊತ್ತಿತ್ತು. ಈಗ ನೋಡಿ, ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಮಾಡಿದ ಮೇಲೆ ಅದೇ ಮುದ್ದೆಯನ್ನು 'ಮಿಲೆಟ್ ಬೌಲ್' ಅಂತ ಮೆನುವಿನಲ್ಲಿ ಹಾಕಿ ಅನ್ನುವವರು ಬರುತ್ತಿದ್ದಾರೆ. ರೇಟು ಮೂರು ಪಟ್ಟು.

'ಕೊಂಗ', 'ಗುಲ್ಟಿ' ಅಂತ ತಮಿಳರಿಗೆ, ತೆಲುಗಿನವರಿಗೆ ಅಂತಾರಲ್ಲ, ಅದೂ ಊಟದ ಜೊತೆ ಬರುತ್ತೆ?

ಬರುತ್ತದೆ. "ಗುಲ್ಟಿ ಊಟ, ಖಾರ ಜಾಸ್ತಿ" ಅಂತ. ಕೋಲಾರದಲ್ಲಿ ಕೂತು ಇದನ್ನು ಅನ್ನುವವರ ಅಜ್ಜಿ ಅರ್ಧ ತೆಲುಗು ಮಾತಾಡುತ್ತಿರುತ್ತಾರೆ. ಊರ್ಬಿಂಡಿ ಚಟ್ನಿ ನಮ್ಮದಾ, ಅವರದಾ? ಹೇಳಿ ನೋಡೋಣ. ತಮಿಳುನಾಡಿನ ಕೊಂಗುನಾಡು ಊರಿನ ಹೆಸರೇ, ಆದರೆ 'ಕೊಂಗ' ಈಗ ಆ ಊರಿನಲ್ಲಿ ಇಲ್ಲ, ಬಾಯಿಗೆ ಬಂದು ಕೂತಿದೆ. ನನ್ನ ಊರು-ಮುಖದ ಲೆಕ್ಕ ಇಲ್ಲಿ ಕೈ ಕೊಡುತ್ತದೆ, ಒಪ್ಪುತ್ತೇನೆ.

ಕೆಜಿಎಫ್ ಕಥೆ ಹೇಳಲೇಬೇಕು. 1880ರಿಂದ ಜಾನ್ ಟೇಲರ್ ಕಂಪನಿಯವರು ಗಣಿ ನಡೆಸಿದಾಗ ಕೆಳಗೆ ಇಳಿದು ಚಿನ್ನ ತೆಗೆದವರಲ್ಲಿ ಹೆಚ್ಚಿನವರು ತಮಿಳು ಕೂಲಿಯವರು. ಮೇಲೆ ಬಂಗಲೆಗಳಲ್ಲಿ ಇಂಗ್ಲಿಷರು, ಮಧ್ಯದಲ್ಲಿ ಆಂಗ್ಲೋ-ಇಂಡಿಯನ್ನರು. ತಮಿಳಿನ ಮಿಳಗು ತಣ್ಣಿ, ಅಂದರೆ ಮೆಣಸಿನ ನೀರು, ಬಂಗಲೆಗೆ ಹೋಗಿ 'ಮಲ್ಲಿಗಟಾನಿ ಸೂಪ್' ಆಯಿತು. ಭಾನುವಾರದ ಹಳದಿ ತೆಂಗಿನಕಾಯಿ ಅನ್ನ, ಮಾಂಸದುಂಡೆಯ ಬಾಲ್ ಕರಿ ಈಗಲೂ ಕೆಲವು ಮನೆಗಳಲ್ಲಿ ಇದೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆ ಮನೆಗಳ ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಡಬ್ಬಿ ತೆರೆದಾಗ ಅವರಿಗೆ ಬೀಳುವ ಹೆಸರು ಇದೇ.

ನಾವೂ ಇದನ್ನು ತಿಂದವರೇ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಮುಂಬೈನಲ್ಲಿ ದಕ್ಷಿಣದವರ ಮೇಲೆ ಗಲಾಟೆ ನಡೆದಾಗ ಉಡುಪಿ ಹೋಟೆಲ್ಲುಗಳಿಗೂ ಕಲ್ಲು ಬಿತ್ತು. ಕನ್ನಡಿಗ, ತಮಿಳ, ಮಲಯಾಳಿ, ಎಲ್ಲರೂ ಅವರಿಗೆ 'ಮದ್ರಾಸಿ'. ನಮ್ಮ ಹುಡುಗ ದೆಹಲಿಗೆ ಹೋದರೆ ಈಗಲೂ 'ಇಡ್ಲಿ-ಸಾಂಬಾರ್'.

ಹಾಗಾದರೆ ಎಲ್ಲದಕ್ಕೂ ಬೇಜಾರು ಮಾಡಿಕೊಳ್ಳೋದಾ?

ಬೇಡ. ಆ ಕಡೆಯ ಹುಚ್ಚೂ ಇದೆ. ಮೈಸೂರು ಪಾಕಿನ 'ಪಾಕ' ಅಂದರೆ ಸಕ್ಕರೆ ಪಾಕ. ಮೂರು ವರ್ಷದ ಮಗುವಿಗೂ ಗೊತ್ತು. 2025ರ ಮೇ ತಿಂಗಳಲ್ಲಿ ಜೈಪುರದ ಮಿಠಾಯಿ ಅಂಗಡಿಯೊಂದು ಅದರಲ್ಲಿ ಪಾಕಿಸ್ತಾನ ಕಂಡು 'ಮೈಸೂರು ಶ್ರೀ' ಅಂತ ಮಾಡಿತು. 2019ರ ಫೆಬ್ರವರಿಯಲ್ಲಿ ಬೆಂಗಳೂರು ಇಂದಿರಾನಗರದ ಕರಾಚಿ ಬೇಕರಿಯವರು ಬೋರ್ಡಿನ 'ಕರಾಚಿ' ಮುಚ್ಚಬೇಕಾಯಿತು. ಅದನ್ನು ಶುರು ಮಾಡಿದವರು ದೇಶ ವಿಭಜನೆಯಲ್ಲಿ ಮನೆ ಬಿಟ್ಟು ಬಂದ ಸಿಂಧಿ ಹಿಂದೂಗಳು. ಬಿಟ್ಟು ಬಂದ ಊರಿನ ಹೆಸರನ್ನು ಬೋರ್ಡಿನಲ್ಲಿ ಉಳಿಸಿಕೊಂಡಿದ್ದರು. ಊರಿನ ಹೆಸರಿಗೆ ಬಟ್ಟೆ ಮುಚ್ಚಿದ ಸುದ್ದಿ ಓದಿ ನನ್ನ ಕಸುಬಿನವನಾಗಿ ಕಸಿವಿಸಿಯಾಯಿತು.

ಹೊರದೇಶದಲ್ಲಿ ಹೆಸರು ಬದಲಾಯಿಸಿದ್ದಾರಾ?

ತುಂಬಾ. ಥಾಯ್ ಅಡುಗೆಗೆ ಹಾಕುವ ಒಂದು ಬಗೆಯ ನಿಂಬೆ ಎಲೆಗೆ 'ಕಾಫಿರ್ ಲೈಮ್' ಅನ್ನುತ್ತಿದ್ದರು. ದಕ್ಷಿಣ ಆಫ್ರಿಕಾದಲ್ಲಿ ಆ ಪದ ಕಪ್ಪು ಜನರಿಗೆ ಅತಿ ಕೆಟ್ಟ ಬೈಗುಳ. 2022ರಲ್ಲಿ ಬ್ರಿಟನ್ನಿನ ವೇಟ್‌ರೋಸ್ ಅಂಗಡಿಗಳು ಅದನ್ನು 'ಮಕ್ರುತ್' ಮಾಡಿದವು. ಜರ್ಮನಿಯಲ್ಲಿ ಕ್ನಾರ್ ಕಂಪನಿ ರೋಮಾ ಎಂಬ ಜನಾಂಗದವರನ್ನು ಚುಚ್ಚುವ, 'ಜಿಪ್ಸಿ ಸಾಸ್' ಎಂಬ ಅರ್ಥದ ಹೆಸರನ್ನು 2020ರಲ್ಲಿ ಕೈಬಿಟ್ಟಿತು. ಆಸ್ಟ್ರೇಲಿಯಾದ 'ಕೂನ್' ಚೀಸ್ 2021ರಲ್ಲಿ 'ಚಿಯರ್' ಆಯಿತು. ಇದರಲ್ಲೊಂದು ತಿರುವು ಇದೆ. ಕೂನ್ ಅನ್ನುವುದು ಚೀಸ್ ಮಾಡುವ ವಿಧಾನ ಕಂಡುಕೊಂಡ ಒಬ್ಬ ವ್ಯಕ್ತಿಯ ಮನೆತನದ ಹೆಸರು ಅಂತ ಕಂಪನಿ ಹೇಳುತ್ತಿತ್ತು. ಆದರೂ ಅಲ್ಲಿನ ಮೂಲನಿವಾಸಿಗಳ ಕಿವಿಗೆ ಅದು ಬೈಗುಳವೇ. ಬರೆದವನ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಬೋರ್ಡಿನಲ್ಲಿ ಕಾಣುವುದಿಲ್ಲ. ಇದು ನನ್ನ ಅನುಭವವೂ ಹೌದು.

ಬ್ರಿಟನ್ನಿನಲ್ಲಿ "ಇಂಡಿಯನ್‌ಗೆ ಹೋಗೋಣ" ಅಂದರೆ ನಮ್ಮ ಊಟದ ಹೋಟೆಲ್ಲಿಗೆ ಹೋಗೋಣ ಅಂತ. ಅಲ್ಲಿ ಒಲೆ ಮುಂದೆ ನಿಂತಿರುವವರು ಹೆಚ್ಚಾಗಿ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಸಾಬ್ರಿಲ್ಲದ ಸಾಬ್ರ ಬಿರಿಯಾನಿ ಥರವೇ.

ಕಾನೂನು ಏನನ್ನುತ್ತದೆ?

ಪರಿಶಿಷ್ಟ ಜಾತಿ, ಪಂಗಡದವರನ್ನು ಜನರ ಎದುರು ಜಾತಿ ಹೆಸರು ಹಿಡಿದು ಬೈಯುವುದು 1989ರ ದೌರ್ಜನ್ಯ ತಡೆ ಕಾಯ್ದೆ ಪ್ರಕಾರ ಅಪರಾಧ. ಈಶಾನ್ಯದ ಹಲವರು ಪರಿಶಿಷ್ಟ ಪಂಗಡದವರು. ಅವರನ್ನು 'ಚಿಂಕಿ' ಅಂದರೆ ಇದೇ ಕಾಯ್ದೆ ಹಾಕಿ ಎಂದು ಕೇಂದ್ರ ಗೃಹ ಇಲಾಖೆ 2012ರಲ್ಲಿ ರಾಜ್ಯಗಳಿಗೆ ಬರೆಯಿತು. ಐದು ವರ್ಷದವರೆಗೆ ಜೈಲಾಗಬಹುದು. ಬೋರ್ಡಿನ ಮಟ್ಟಿಗೆ ಅಧಿಕಾರಿಗಳು ನನ್ನನ್ನು ಕೇಳುವುದು ಒಂದೇ: 2024ರ ತಿದ್ದುಪಡಿಯಂತೆ ಶೇಕಡಾ 60 ಕನ್ನಡ ಇದೆಯಾ, ಅದು ಮೇಲ್ಭಾಗದಲ್ಲಿದೆಯಾ. ಕನ್ನಡದಲ್ಲಿ ಏನು ಬರೆದಿದೆ ಅಂತ ಯಾರೂ ಕೇಳಿಲ್ಲ.

ಬೋರ್ಡ್ ಆಗಿಹೋಗಿದೆ. ಈಗ ಏನ್ ಮಾಡೋದು?

ಪೂರ್ತಿ ಕೀಳಬೇಕಿಲ್ಲ. ಅದೇ ಬಣ್ಣದ ವಿನೈಲ್ ಪಟ್ಟಿ ಕತ್ತರಿಸಿ ಆ ಒಂದು ಪದದ ಮೇಲೆ ಅಂಟಿಸಿ. ಹಳೇ ಬೋರ್ಡು ಬಿಸಿಲಿಗೆ ಮಾಸಿರುತ್ತದೆ, ಹೊಸ ಪಟ್ಟಿ ಎದ್ದು ಕಾಣುತ್ತದೆ. ಕಾಣಲಿ ಬಿಡಿ. ಮೆನು ಕಾರ್ಡಾದರೆ ಮುಂದಿನ ಸಲ ರೇಟು ಏರಿಸುವಾಗ ಪದವನ್ನೂ ಬದಲಾಯಿಸಿ. ಹೇಗೂ ಆರು ತಿಂಗಳಿಗೊಮ್ಮೆ ಬರುತ್ತೀರಿ.

ಅವರು ನಮ್ಮ ಊಟಕ್ಕೆ ಹೆಸರು ಇಟ್ಟಿಲ್ವಾ?

ಇಟ್ಟಿದ್ದಾರೆ. ಆ ಮಣಿಪುರದ ಹುಡುಗ ಈಗ ಬೇರೆ ಕಡೆ ಸ್ವಂತ ಗಾಡಿ ಹಾಕಿದ್ದಾನೆ. ಬೋರ್ಡು ನನ್ನದೇ, ಊರಿನ ಹೆಸರಿನಲ್ಲಿ. ಒಂದು ಭಾನುವಾರ ಅವನನ್ನು ಮನೆಗೆ ಊಟಕ್ಕೆ ಕರೆದಿದ್ದೆ. ಮುದ್ದೆ, ನಾಟಿ ಕೋಳಿ ಸಾರು. ಅವನೂ ಅವನ ರೂಮಿನ ಹುಡುಗರೂ ಮುದ್ದೆಗೆ 'ಕಾಲಾ ಲಡ್ಡು' ಅನ್ನುತ್ತಾರಂತೆ. ಹೇಳಿ ನಾಲಿಗೆ ಕಚ್ಚಿಕೊಂಡ. ನಾನು ಜೋರಾಗಿ ನಕ್ಕೆ. ಒಳಗಿದ್ದ ಅಮ್ಮನಿಗೆ ಅರ್ಥ ಹೇಳಿದೆ. ಅಮ್ಮ ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಬಂದು ಅವನ ತಟ್ಟೆ ನೋಡಿ ನನ್ನನ್ನು ಬೈದರು: "ಲಡ್ಡು ಅಂತ ಅಗೀತಾ ಕೂತಿದೆ ಪಾಪ ಮಗು. ಅಗೀಬಾರ್ದು, ನುಂಗ್ಬೇಕು ಅಂತ ನೀನಾದ್ರೂ ಹೇಳಬಾರ್ದೇನೋ?"